ಹಳದಿ ಕ್ಯಾಸೆಟ್, ಹೊಸ ಬೆಲೆ

ಕಳೆದ ತಿಂಗಳು ಅಟ್ಟ ಗುಡಿಸುವಾಗ ಅಣ್ಣನ ಹಳೇ ವಿಡಿಯೋ ಗೇಮ್ ಸಿಕ್ಕಿತು. ಜತೆಗೊಂದು ಹಳದಿ ಕ್ಯಾಸೆಟ್, ಮೇಲೆ '9999 ಇನ್ 1' ಎಂಬ ಬರಹ. ಒಳಗಿರುವುದು ಹತ್ತೋ ಹನ್ನೆರಡೋ ಆಟ, ಅವೇ ತಿರುಗಿ ತಿರುಗಿ ಬರುತ್ತವೆ ಅನ್ನುವುದು ಆಡಿದವರಿಗೆಲ್ಲ ಗೊತ್ತು. ಆಸೆಯಿಂದ ಜೋಡಿಸಲು ಹೋದರೆ ನಮ್ಮ ಹೊಸ ಟಿವಿಯಲ್ಲಿ ಅದರ ಪಿನ್ ಹಾಕುವ ಜಾಗವೇ ಇಲ್ಲ. ಬೆಂಗಳೂರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. "ಕಾಂಟ್ರಾ ಈಗ ಪ್ಲೇಸ್ಟೇಷನ್‌ಗೇ ಸಿಕ್ಕತ್ತ್ ಮರಾಯ" ಅಂದ.

ಸಿಗುತ್ತದೆ, ನಿಜ. 1987ರ ಕಾಂಟ್ರಾವನ್ನೂ ಅದರ ಮುಂದಿನ ಕೆಲವು ಭಾಗಗಳನ್ನೂ ಸೇರಿಸಿ ಕೊನಾಮಿ 2019ರಲ್ಲಿ ಒಂದೇ ಕಟ್ಟಾಗಿ ಹೊರತಂದಿತು. ಆಟ ಹಳೆಯದೇ, ಹೊಸ ಬಣ್ಣ ಬಳಿದಿಲ್ಲ. ಆದರೆ ನಡುವೆ ಸೇವ್ ಮಾಡಿ ಎದ್ದು ಹೋಗಬಹುದು. ಮರುಬಿಡುಗಡೆ ಅಂದರೆ ಹೀಗಿರಬೇಕು. ಹಳೆಯ ಯಂತ್ರ ಮೂಲೆ ಸೇರಿದೆ, ಆಟ ಸುಲಭಕ್ಕೆ ಸಿಗುವುದಿಲ್ಲ, ಅಂಥದ್ದನ್ನು ಹೊಸ ಯಂತ್ರದಲ್ಲಿ ಓಡುವಂತೆ ಮಾಡಿ ಕೈಗೆಟಕುವ ಬೆಲೆಗೆ ಕೊಡಬೇಕು. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲೇ ಇಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೇಳಿತು. ಮಾಡುವ ಕೆಲಸ ಬೇಕಾದಷ್ಟಿದೆ.

ಕಂಪನಿಗಳು ಮಾಡುವುದು ಮಾತ್ರ ಹೆಚ್ಚಾಗಿ ಬೇರೆಯದೇ. 'ದಿ ಲಾಸ್ಟ್ ಆಫ್ ಅಸ್' ಬಂದದ್ದು 2013ರಲ್ಲಿ. ಮರುವರ್ಷವೇ ಪ್ಲೇಸ್ಟೇಷನ್ 4ಕ್ಕೆ ಬಂತು, ಆ ಆವೃತ್ತಿ ಪ್ಲೇಸ್ಟೇಷನ್ 5ರಲ್ಲೂ ಚೆನ್ನಾಗಿಯೇ ಓಡುತ್ತದೆ. ಆದರೂ 2022ರಲ್ಲಿ ಅದನ್ನೇ ಮತ್ತೆ ಕಟ್ಟಿ 70 ಡಾಲರಿಗೆ ಮಾರಿದರು. ದೃಷ್ಟಿದೋಷ ಇರುವವರೂ ಆಡುವಂತೆ ಸೌಲಭ್ಯ ಸೇರಿಸಿದ್ದನ್ನು ಮೆಚ್ಚಲೇಬೇಕು. ಅದಕ್ಕೆ ಪೂರ್ತಿ ಬೆಲೆ ಕೇಳಬೇಕಿತ್ತೆ? ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನಂಥವನಿಗೆ ಐದಾರು ಸಾವಿರ ಅಂದರೆ ನಾಲ್ಕಾರು ಪರೀಕ್ಷೆಗಳ ಅರ್ಜಿ ಶುಲ್ಕ, ಇಂಟರ್‌ವ್ಯೂಗೆಂದು ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜು.

ಇದಕ್ಕಿಂತ ಕೆಟ್ಟದ್ದು ಜಿಟಿಎ ಕತೆ. ವೈಸ್ ಸಿಟಿ ಸೇರಿ ಮೂರು ಹಳೇ ಜಿಟಿಎಗಳು 2021ರ ನವೆಂಬರ್‌ನಲ್ಲಿ ಹೊಸದಾಗಿ ಬಂದವು. ಅದಕ್ಕೂ ಮೊದಲೇ ಹಳೆಯ ಆವೃತ್ತಿಗಳನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆದಾಗಿತ್ತು. ಹೊಸದರಲ್ಲಿ ದೋಷಗಳೋ ದೋಷ. ಮಳೆ ಬಂದರೆ ದಾರಿಯೇ ಕಾಣದು ಎಂದು ಜನ ದೂರಿದರು (ಆಷಾಢದಲ್ಲಿ ನಮ್ಮ ಹೆದ್ದಾರಿಯಲ್ಲಿ ಬೈಕ್ ಓಡಿಸಿದವರಿಗೆ ಇದು ಅರ್ಥವಾದೀತು). ಕೊನೆಗೆ ರಾಕ್‌ಸ್ಟಾರ್ ಕ್ಷಮೆ ಕೇಳಿ, ಕಂಪ್ಯೂಟರ್‌ನಲ್ಲಿ ಆಡುವವರಿಗೆ ಹಳೆಯದನ್ನು ಮತ್ತೆ ಕೊಟ್ಟಿತು. ಹೊಸತು ತನ್ನಿ, ಬೇಡ ಅನ್ನುವುದಿಲ್ಲ. ಅದಕ್ಕಾಗಿ ಹಳೆಯದನ್ನು ಯಾಕೆ ಕಸಿಯಬೇಕು?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಆಟ ಅಂದರೆ ಮೊದಲು ಯಕ್ಷಗಾನವೇ. ಮಂದಾರ್ತಿ ಮೇಳದ್ದೋ ಮಾರಣಕಟ್ಟೆ ಮೇಳದ್ದೋ ಆಟಕ್ಕೆ ಹೋಗುವ ನನ್ನ ಅಜ್ಜನಿಗೆ ಪ್ರಸಂಗಗಳೆಲ್ಲ ಬಾಯಿಪಾಠ. ಆದರೂ ಹೋಗುತ್ತಾರೆ, ಈ ಸಲದ ಭಾಗವತರು ಯಾರು, ವೇಷ ಯಾರದ್ದು ಎಂದು ನೋಡಲು. ಕಾಲಮಿತಿ ಪ್ರದರ್ಶನ ಅಂದರೆ ಅವರಿಗೆ ಗೊಣಗಾಟ. ಬೆಳಿಗ್ಗೆ ಬಸ್ ಹಿಡಿಯಬೇಕಾದ ನಾನು ಮಾತ್ರ ಪೂರ್ತಿ ಕೂತು ಆಟ ನೋಡಿದ್ದೇ ಕಾಲಮಿತಿ ಬಂದ ಮೇಲೆ. ಹಳೆಯದನ್ನು ಹೊಸ ಕಾಲಕ್ಕೆ ಒಗ್ಗಿಸುವುದು ತಪ್ಪಲ್ಲ ಅಂತ ನಾನು ವಾದಿಸುವುದು ಈ ಅನುಭವದಿಂದಲೇ.

ಅಂದಹಾಗೆ, ಬಸ್ರೂರಿನ ಅತ್ತೆ ಮನೆಯಲ್ಲಿ ಹಳೇ ಡಬ್ಬಿ ಟಿವಿ ಒಂದು ಇದೆಯಂತೆ. ಭಾನುವಾರ ಹಳದಿ ಕ್ಯಾಸೆಟ್ ಹಿಡಿದುಕೊಂಡು ಹೋಗುವವನಿದ್ದೇನೆ.