ನಾರಾ ನಗರದ ಬಯಲು, ಬೇಗೂರಿನ ಶಿಲೆ

ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿದರೆಂಬುದನ್ನು ಶಾಲೆಯ ಬಾಲಕರೂ ಬಲ್ಲರು. ಆದರೆ ಬೆಂಗಳೂರೆಂಬ ಹೆಸರು ಅದಕ್ಕಿಂತ ಆರು ಶತಮಾನಗಳಿಗೂ ಹಿಂದಿನದೆಂದು ಸಾರುವ ಶಿಲೆಯೊಂದು ಎಲೆಕ್ಟ್ರಾನಿಕ್ ಸಿಟಿಗೆ ಅನತಿದೂರದ ಬೇಗೂರಿನಲ್ಲಿದೆಯೆಂಬುದನ್ನು, ಹೊಸೂರು ರಸ್ತೆಯಲ್ಲಿ ನಿತ್ಯವೂ ಹೋಗಿ ಬರುವ ಉದ್ಯೋಗಸ್ಥರಲ್ಲಿ ಎಷ್ಟು ಮಂದಿ ಬಲ್ಲರು?

ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ. ಶ. 890ರ ಆ ಹಳಗನ್ನಡ ಶಾಸನವು, ಬೆಂಗಳೂರ ಕಾಳಗದಲ್ಲಿ ನಾಗತ್ತರನ ಮಗನಾದ ಬುಟ್ಟಣಸೆಟ್ಟಿಯು ಮಡಿದನೆಂದು ಹೇಳುತ್ತದೆ. ಗಂಗರ ಸೇವೆಯಲ್ಲಿದ್ದ ನಾಗತ್ತರನೂ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ ಮಡಿದನು. ಅವನ ವೀರಗಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ದೇವಾಲಯದ ಗಂಗರ ಕಾಲದ ಗುಡಿಗಳೂ, ಮಣ್ಣಿನ ಕೋಟೆಯ ಕುರುಹುಗಳೂ, ಕೆರೆಯೂ ಕೂಡಿ ಬೇಗೂರು ಒಂದು ಅಖಂಡ ಚರಿತ್ರೆಯಾಗಿದೆ. 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯು ಮೊಳೆತಂದಿನಿಂದ ನಗರವು ಈ ಚರಿತ್ರೆಯನ್ನು ನಾಲ್ಕು ಕಡೆಯಿಂದಲೂ ಒತ್ತುತ್ತ ಬಂದಿದೆ.

ಈ ಸಂದರ್ಭದಲ್ಲಿ ಜಪಾನಿನ ನಾರಾ ನಗರದ ವೃತ್ತಾಂತವು ಮನನಾರ್ಹವಾಗಿದೆ. 710ರಿಂದ 784ರವರೆಗೆ ಆ ದೇಶದ ರಾಜಧಾನಿಯಾಗಿದ್ದ ನಾರಾದಲ್ಲಿ, 752ರಲ್ಲಿ ಪ್ರತಿಷ್ಠಿತವಾದ ತೊದೈಜಿಯ ಮಹಾಬುದ್ಧನಿದ್ದಾನೆ; ಕಸುಗಾ ದೇವಸ್ಥಾನವಿದೆ. ಜಪಾನೀಯರು ಹುಟ್ಟಿನಿಂದಲೇ ಪುರಾತನಪ್ರಿಯರೆಂದು ಭಾವಿಸುವುದು ಸಲ್ಲದು. 1868ರ ರಾಜ್ಯಪರಿವರ್ತನೆಯ ಅನಂತರ ಅಲ್ಲಿಯ ಬೌದ್ಧಾಲಯಗಳು ಆಸ್ತಿಯನ್ನು ಕಳೆದುಕೊಂಡವು, ವಿಗ್ರಹಗಳು ಮಾರಾಟವಾದವು. ನಷ್ಟವನ್ನು ಕಂಡ ಮೇಲೆ, ಇನ್ನೂ ಶ್ರೀಮಂತವಾಗಿರದ ಆ ರಾಷ್ಟ್ರವು 1897ರಲ್ಲಿ ಪ್ರಾಚೀನ ದೇವಾಲಯಗಳ ಸಂರಕ್ಷಣೆಗಾಗಿ ಶಾಸನವನ್ನು ಮಾಡಿ, ಜೀರ್ಣೋದ್ಧಾರಕ್ಕೆ ಬೊಕ್ಕಸದಿಂದ ಹಣವನ್ನೂ ಕೊಟ್ಟಿತು. ಅಲ್ಲಿ ಮರದ ದೇವಾಲಯವನ್ನು ದುರಸ್ತಿ ಮಾಡುವ ಬಡಗಿಗಳು ಶಿಥಿಲವಾದ ಭಾಗವನ್ನು ಮಾತ್ರ ಬದಲಾಯಿಸಿ, ಹೊಸ ಮರದ ಮೇಲೆ ದುರಸ್ತಿಯ ವರ್ಷವನ್ನು ಮುದ್ರೆಯೊತ್ತುತ್ತಾರೆ. ಹಳೆಯದಾವುದು, ಹೊಸದಾವುದು ಎಂಬ ಸತ್ಯವನ್ನು ಮುಂದಿನವರಿಂದ ಮರೆಮಾಚುವುದಿಲ್ಲ.

1960ರ ದಶಕದಲ್ಲಿ ಪ್ರಾಚೀನ ಅರಮನೆಯ ನಿವೇಶನದ ಒಂದು ಭಾಗದಲ್ಲಿ ರೈಲುಗಾಡಿಗಳ ತಾಣವನ್ನು ಕಟ್ಟಲು ಹೊರಟಾಗ, ಪ್ರಜೆಗಳೂ ವಿದ್ವಾಂಸರೂ ಪ್ರತಿಭಟಿಸಿದರು. ಸರ್ಕಾರವು ಆ ನೆಲವನ್ನು ಕೊಂಡಿತು. ಉತ್ಖನನದಲ್ಲಿ ದೊರೆತ ಬರಹವುಳ್ಳ ಸಾವಿರಾರು ಮರದ ಪಟ್ಟಿಗಳು ಆ ಕಾಲದ ಆಡಳಿತವನ್ನು ತಿಳಿಸುತ್ತಿವೆ. ಬರಿಯ ಬಯಲೆಂದು ಕಂಡ ನೆಲವೇ ದಫ್ತರಖಾನೆಯಾಯಿತು!

ನಮ್ಮಲ್ಲಿ ಅಪಾಯವು ಲಾಭಾಸಕ್ತರಿಂದ ಮಾತ್ರವಲ್ಲ, ಭಕ್ತರಿಂದಲೂ ಬರುತ್ತದೆಂದು ಹೇಳಲು ನಾವು ಸಂಕೋಚಪಡುವುದಿಲ್ಲ. ಬೇಗೂರಿನಲ್ಲಿ ಇತ್ತೀಚಿನ ದಶಕಗಳಲ್ಲಿ ಉನ್ನತ ಗೋಪುರಗಳೆದ್ದಿವೆ. ಭಕ್ತಿಯನ್ನು ನಾವು ಗೌರವಿಸುತ್ತೇವೆ. ಪೂಜೆ ನಡೆಯುವ ಗುಡಿಯು ಪ್ರದರ್ಶನದ ವಸ್ತುವಲ್ಲ. ತೊದೈಜಿಯಲ್ಲಿಯೂ ಪೂಜೆ ನಡೆಯುತ್ತದೆ. ಆದರೆ ಪುರಾತನ ಶಿಲೆಯ ಮೇಲೆ ಬಣ್ಣ ಬಳಿಯುವುದೂ, ಅಕ್ಷರಗಳನ್ನು ಸಿಮೆಂಟಿನಿಂದ ಮುಚ್ಚುವುದೂ ಯಾವ ಆಗಮದ ವಿಧಿ?

ಸರ್ಕಾರದವರಲ್ಲಿ ನಮ್ಮ ವಿಜ್ಞಾಪನೆಯು ಸ್ಪಷ್ಟವಾಗಿದೆ. ಬೇಗೂರಿನ ಗುಡಿ, ಕೋಟೆ, ಕೆರೆಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಿ, ಸುತ್ತಣ ಕಟ್ಟಡಗಳ ಎತ್ತರಕ್ಕೆ ಮಿತಿಯನ್ನು ವಿಧಿಸಲಿ. ಪ್ರಾಚ್ಯವಸ್ತು ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಕದಲಿಸದಿರಲಿ. ಶಾಸನಕ್ಕೆ ನೆರಳನ್ನೂ, ಪಕ್ಕದಲ್ಲಿ ಹೊಸಗನ್ನಡದ ಅರ್ಥವನ್ನೂ ಒದಗಿಸಲಿ. ಸನಿಹದಲ್ಲಿಯೇ ಐಶ್ವರ್ಯವನ್ನು ಗಳಿಸುತ್ತಿರುವ ಸಂಸ್ಥೆಗಳು ಇದರ ವೆಚ್ಚದಲ್ಲಿ ಪಾಲ್ಗೊಳ್ಳುವುದು ಉಚಿತ. ನಾಗತ್ತರನ ಮಗನು ಕಾದಿದ ಊರಿನ ಹೆಸರಿನಿಂದಲೇ ಅವರ ಉದ್ಯಮವು ಇಂದು ದೇಶದೇಶಾಂತರಗಳಲ್ಲಿ ಪ್ರಖ್ಯಾತವಾಗಿರುವುದು. ಆ ಹೆಸರಿನ ಋಣವು ಎಲ್ಲರ ಮೇಲೂ ಇದೆ.