ಮಗಳು ಮನಃಶಾಸ್ತ್ರ ಓದುತ್ತಾಳಂತೆ!



ಹನ್ನೆರಡನೆಯ ತರಗತಿಯ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಮಾತು: ಮುಂದೇನು? ಹೆಣ್ಣುಮಕ್ಕಳಾದರೆ ನರ್ಸಿಂಗ್, ಗಂಡುಮಕ್ಕಳಾದರೆ ಇಂಜಿನಿಯರಿಂಗ್, ಎರಡೂ ಆಗದಿದ್ದರೆ ಬಿ.ಕಾಂ. ಎಂಬುದು ಬಹುಕಾಲದಿಂದ ನಡೆದುಬಂದ ಲೆಕ್ಕ. ಈಗ ಈ ಲೆಕ್ಕದೊಳಗೆ ಇನ್ನೊಂದು ಹೆಸರು ಸೇರಿಕೊಂಡಿದೆ. ಅದು ಮನಃಶಾಸ್ತ್ರ, ಅಂದರೆ ಸೈಕಾಲಜಿ. ಮಗಳು ಆ ಹೆಸರು ಹೇಳಿದೊಡನೆ ಮನೆಯಲ್ಲಿ ಮೂರು ಬಗೆಯ ದಿಗಿಲು. 'ಹುಚ್ಚರ ಜೊತೆ ಕೆಲಸ ಮಾಡ್ತೀಯಾ?' ಎನ್ನುತ್ತಾಳೆ ತಾಯಿ. 'ಅದನ್ನು ಓದಿದರೆ ಹೊಟ್ಟೆಗೇನು?' ಎನ್ನುತ್ತಾನೆ ತಂದೆ. 'ಅದನ್ನೆಲ್ಲ ಓದಿದವರು ದೇವರನ್ನೇ ನಂಬೋದಿಲ್ಲವಂತೆ' ಎನ್ನುತ್ತಾರೆ ಅಜ್ಜಿ. ಮೂರೂ ನ್ಯಾಯವಾದ ಪ್ರಶ್ನೆಗಳೇ. ಈ ತಿಂಗಳು ಅವುಗಳಿಗೆ ಉತ್ತರ ಹುಡುಕೋಣ.

ಆಂಧ್ರದ ರೊದ್ದಂ ಕಡೆಯ ಒಂದು ಮನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಎಲ್ಲ ಗಡಿ ಸೀಮೆ. 2022ರಲ್ಲಿ ಜಿಲ್ಲೆಗಳನ್ನು ಹಂಚಿದಾಗ ರೊದ್ದಂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಯಾವುದಾದರೇನು, ಬರ ಒಂದೇ, ಕಡಲೆಕಾಯಿ ಹೊಲ ಒಂದೇ, ಬತ್ತಿದ ಬೋರೂ ಒಂದೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಇಲ್ಲಿಂದ ಓದಲು ಹೊರಡುವ ಮಗು ಹಿಂದೂಪುರದಲ್ಲಿ ರೈಲು ಹತ್ತಿದರೆ ಇಳಿಯುವುದು ಬೆಂಗಳೂರಿನಲ್ಲಿ.

ಬೆಂಗಳೂರಿನಲ್ಲಿ ನಮ್ಮ ಧರ್ಮಸಭೆಯವರೇ ನಡೆಸುವ ವಿಶ್ವವಿದ್ಯಾಲಯಗಳಿವೆ. ಹೊಸೂರು ರಸ್ತೆಯ ಕ್ರೈಸ್ಟ್ ಕಾಲೇಜನ್ನು ಸಿ.ಎಂ.ಐ. ಸಭೆಯ ಗುರುಗಳು 1969ರಲ್ಲಿ ಆರಂಭಿಸಿದರು. 2008ರಲ್ಲಿ ಅದು ಡೀಮ್ಡ್ ವಿಶ್ವವಿದ್ಯಾಲಯವಾಯಿತು. 1882ರಲ್ಲಿ ಹುಟ್ಟಿದ, ಈಗ ಯೇಸುಸಭೆಯ ಗುರುಗಳು ನಡೆಸುವ ಸಂತ ಜೋಸೆಫರ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಎರಡು ಕಡೆಯೂ ಮನಃಶಾಸ್ತ್ರವನ್ನು ಪದವಿ ಹಂತದಿಂದಲೇ ಕಲಿಯಬಹುದು. ಸಿ.ಎಂ.ಐ. ಸಭೆಯ ಸ್ಥಾಪಕರಲ್ಲಿ ಒಬ್ಬರಾದ ಸಂತ ಕುರಿಯಾಕೋಸ್ ಎಲಿಯಾಸ್ ಚಾವರ ಅವರು 19ನೆಯ ಶತಮಾನದ ಕೇರಳದಲ್ಲಿ ಪ್ರತಿ ಚರ್ಚಿನ ಪಕ್ಕದಲ್ಲೂ ಒಂದು ಶಾಲೆ ಇರಬೇಕೆಂದು ಪಟ್ಟು ಹಿಡಿದವರು. ವಿದ್ಯೆಗೆ ಹೆದರಿದ ಧರ್ಮಸಭೆ ನಮ್ಮದಲ್ಲ.

ಈಗ ತಾಯಿಯ ಪ್ರಶ್ನೆಗೆ ಬರೋಣ. ಪದವಿಯಲ್ಲಿ ಕಲಿಸುವುದು ಹುಚ್ಚಿನ ಚಿಕಿತ್ಸೆಯನ್ನಲ್ಲ. ಕಣ್ಣು ಹೇಗೆ ನೋಡುತ್ತದೆ, ನೆನಪು ಹೇಗೆ ಉಳಿಯುತ್ತದೆ, ಮಗು ಹೇಗೆ ಬೆಳೆಯುತ್ತದೆ, ಜನ ಗುಂಪಿನಲ್ಲಿದ್ದಾಗ ಏಕೆ ಬೇರೆಯಾಗಿ ನಡೆದುಕೊಳ್ಳುತ್ತಾರೆ, ಇಂಥವು ಮೊದಲ ಪಾಠಗಳು. ಜೊತೆಗೆ ಸಂಖ್ಯಾಶಾಸ್ತ್ರವೂ ಇದೆ. ಗಣಿತ ತಪ್ಪಿತೆಂದು ಈ ವಿಷಯಕ್ಕೆ ಬಂದವರು ಅಲ್ಲಿ ಬೆವರುವುದುಂಟು!

ಹಲವು ಕಾಲೇಜುಗಳಲ್ಲಿ ಮೊದಲ ವರ್ಷವೇ ಮಾಡಿಸುವ ಒಂದು ಹಳೆಯ ಪ್ರಯೋಗವಿದೆ. ಸಮ ಉದ್ದದ ಎರಡು ಗೆರೆಗಳು. ಒಂದರ ತುದಿಗಳಿಗೆ ಒಳಮುಖವಾಗಿ ಬಾಣದ ಗುರುತು, ಇನ್ನೊಂದಕ್ಕೆ ಹೊರಮುಖವಾಗಿ ತೆರೆದ ಗುರುತು. ನೋಡುವವರಿಗೆ ಎರಡನೆಯದೇ ಉದ್ದ ಎನ್ನಿಸುತ್ತದೆ. ಅಳತೆಪಟ್ಟಿ ಇಟ್ಟು ಸಮ ಎಂದು ತೋರಿಸಿದ ಮೇಲೂ ಕಣ್ಣಿಗೆ ಅದು ಉದ್ದವಾಗಿಯೇ ಕಾಣುತ್ತದೆ. ಇದಕ್ಕೆ ಮ್ಯುಲರ್-ಲೈಯರ್ ಭ್ರಮೆ ಎಂದು ಹೆಸರು.

ಇದರಲ್ಲಿ ನಮ್ಮ ಕುಟುಂಬಗಳಿಗೆ ದೊಡ್ಡ ಪಾಠವಿದೆ. ಖಿನ್ನತೆಯಲ್ಲಿರುವ ಅಣ್ಣನಿಗೋ ಸೊಸೆಗೋ ನಾವು 'ನಿನಗೇನು ಕಡಿಮೆಯಾಗಿದೆ? ಸುಮ್ಮನೆ ಯೋಚನೆ ಮಾಡಬೇಡ' ಎನ್ನುತ್ತೇವೆ. ಅವರಿಗೂ ಅದು ಗೊತ್ತು. ಆದರೆ ಗೊತ್ತಿರುವುದೇ ಬೇರೆ, ಕಾಣುವುದೇ ಬೇರೆ. ಬುದ್ಧಿ ಒಪ್ಪಿದರೂ ಮನಸ್ಸಿಗೆ ಕತ್ತಲೆಯೇ ಕಾಣುತ್ತಿರುತ್ತದೆ. ಅವರಿಗೆ ಬೇಕಾದದ್ದು ಉಪದೇಶವಲ್ಲ, ಆಸರೆ. ಇಷ್ಟನ್ನು ಕಲಿತು ಬಂದ ಮಗಳು ಆ ಮನೆಗೆ ಭಾರವಲ್ಲ, ಬೆಳಕು.

ಇನ್ನು ಅಜ್ಜಿಯ ಪ್ರಶ್ನೆ. ಅಜ್ಜಿ ಹೇಳುವುದರಲ್ಲಿ ಹುರುಳಿಲ್ಲದೆ ಇಲ್ಲ. ಧರ್ಮ ಒಂದು ಭ್ರಮೆ ಎಂದು ಸಿಗ್ಮಂಡ್ ಫ್ರಾಯ್ಡ್ 1927ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮಕ್ಕಳು ತರಗತಿಯಲ್ಲಿ ಅವರ ವಿಚಾರವನ್ನು ಓದಲೇಬೇಕು, ಅದಕ್ಕೆ ಕೊಟ್ಟ ಉತ್ತರಗಳನ್ನೂ ಓದಬೇಕು. ನಂಬಿಕೆಯ ಬಗ್ಗೆ ಪ್ರಶ್ನೆ ಎದ್ದಾಗ ಅಕ್ಕಪಕ್ಕದಲ್ಲೇ ಪ್ರಾರ್ಥನಾಲಯವೂ ಮಾತಿಗೆ ಸಿಗುವ ಗುರುಗಳೂ ಇರುವುದು ಕ್ರೈಸ್ತ ವಿಶ್ವವಿದ್ಯಾಲಯದ ಒಂದು ಅನುಕೂಲ.

1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನಃಶಾಸ್ತ್ರದ ಪ್ರಯೋಗಾಲಯ ತೆರೆದ ವಿಲ್ಹೆಲ್ಮ್ ವುಂಟ್ ಅವರ ಬಳಿ ಕಲಿತು ಡಾಕ್ಟರೇಟ್ ಪಡೆದವರಲ್ಲಿ ಎಡ್ವರ್ಡ್ ಪೇಸ್ ಎಂಬ ಅಮೆರಿಕದ ಕಥೋಲಿಕ ಗುರುಗಳೂ ಒಬ್ಬರು. ಪಾಲನಾ ಸೇವೆಯಲ್ಲಿ ದೈವಶಾಸ್ತ್ರದ ಜೊತೆಗೆ ಮನಃಶಾಸ್ತ್ರ, ಸಮಾಜಶಾಸ್ತ್ರಗಳ ತಿಳಿವಳಿಕೆಯನ್ನೂ ಬಳಸಿಕೊಳ್ಳಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೇ 1965ರಲ್ಲಿ ಹೇಳಿತು. ದಿವಂಗತ ಪೋಪ್ ಫ್ರಾನ್ಸಿಸ್ ಅವರು ತಮ್ಮ 42ನೆಯ ವಯಸ್ಸಿನಲ್ಲಿ ಆರು ತಿಂಗಳ ಕಾಲ ವಾರಕ್ಕೊಮ್ಮೆ ಒಬ್ಬ ಯೆಹೂದಿ ಮನೋವಿಶ್ಲೇಷಕಿಯ ಬಳಿ ಹೋಗುತ್ತಿದ್ದುದನ್ನು 2017ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು.

ಪವಿತ್ರ ಬೈಬಲ್ ಇದಕ್ಕೂ ಮೊದಲೇ ದಾರಿ ತೋರಿದೆ. ಪ್ರವಾದಿ ಎಲೀಯ ಬಳಲಿ, ಮರುಭೂಮಿಯ ಗಿಡವೊಂದರ ಕೆಳಗೆ ಕುಳಿತು, ಸಾವನ್ನೇ ಬೇಡಿದ. ಆಗ ದೇವದೂತ ಅವನನ್ನು ಗದರಲಿಲ್ಲ, 'ನಿನಗೆ ನಂಬಿಕೆ ಸಾಲದು' ಎನ್ನಲೂ ಇಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಗೊಟ್ಟ, ಮತ್ತೆ ಎಬ್ಬಿಸಿ ಉಣಿಸಿದ. ದೇವರ ಮೆಲುದನಿ ಕೇಳಿಸಿದ್ದು ಆಮೇಲೆ. ಪಾಪಕ್ಕೆ ಕ್ಷಮೆ ಬೇಕು, ಅದಕ್ಕೆ ಪಾಪನಿವೇದನೆಯಿದೆ. ಗಾಯಕ್ಕೆ ಮದ್ದು ಬೇಕು, ಅದಕ್ಕೆ ಚಿಕಿತ್ಸೆಯಿದೆ. ಖಿನ್ನತೆ ಪಾಪವಲ್ಲ, ಅದು ಗಾಯ. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟಾಗಲೇ ತೊಂದರೆ.

ತಂದೆಯ ಪ್ರಶ್ನೆಗೆ ಮಾತ್ರ ನೇರವಾಗಿ ಉತ್ತರಿಸಬೇಕು. ಬರೀ ಪದವಿಯಿಂದ ಯಾರೂ ಚಿಕಿತ್ಸೆ ಕೊಡುವ ತಜ್ಞರಾಗುವುದಿಲ್ಲ. ಸ್ನಾತಕೋತ್ತರ ಪದವಿ ಬೇಕು. ಆಸ್ಪತ್ರೆಯಲ್ಲಿ ಚಿಕಿತ್ಸಾ ಮನಃಶಾಸ್ತ್ರಜ್ಞರಾಗಬೇಕಾದರೆ ಭಾರತೀಯ ಪುನರ್ವಸತಿ ಮಂಡಳಿ ಒಪ್ಪಿದ ತರಬೇತಿ, ನೋಂದಣಿ ಬೇಕು. ಮಾತ್ರೆ ಬರೆದುಕೊಡುವವರು ಎಂ.ಬಿ.ಬಿ.ಎಸ್. ಓದಿ ಮುಂದೆ ಹೋದ ಮನೋವೈದ್ಯರು. ಅದು ಬೇರೆಯೇ ದಾರಿ. ಮನೆಯಲ್ಲೇ ಕುಳಿತು ಅಂಚೆ ಶಿಕ್ಷಣದಲ್ಲಿ ಓದಿಸೋಣ ಎಂಬ ಯೋಚನೆಯಿದ್ದರೆ ತಿಳಿದಿರಲಿ: ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಮನಃಶಾಸ್ತ್ರ ಪದವಿ ಕೊಡುವುದನ್ನು 2025ರ ಶೈಕ್ಷಣಿಕ ವರ್ಷದಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ ನಿಲ್ಲಿಸಿದೆ. ಪದವಿ ಮುಗಿಸಿ ಶಾಲೆ, ಸಮಾಜಸೇವೆ, ಕಂಪನಿಗಳ ಸಿಬ್ಬಂದಿ ವಿಭಾಗಗಳತ್ತ ಹೋಗುವವರೂ ಇದ್ದಾರೆ. ಆದರೆ ದಾರಿ ಉದ್ದವಿದೆ, ಖರ್ಚೂ ಇದೆ. ಇದನ್ನು ಸೇರುವ ಮೊದಲೇ ಮನೆಯವರೆಲ್ಲ ಕುಳಿತು ಮಾತನಾಡಬೇಕು.

ಹಾಗಿದ್ದರೂ ರೊದ್ದಂ ಕಡೆಯ ಮಗುವೇ ಇದನ್ನು ಓದಲಿ ಎಂದು ನಾವು ಬಯಸುವುದೇಕೆ? ಕಾರಣ ಭಾಷೆ. ಮೈಯ ನೋವನ್ನು ಬೆರಳಿಟ್ಟು ತೋರಿಸಬಹುದು. ಮನಸ್ಸಿನ ನೋವನ್ನು ಮಾತಿನಲ್ಲೇ ಹೇಳಬೇಕು. ನಮ್ಮ ಜನ 'ನನಗೆ ಡಿಪ್ರೆಶನ್' ಎಂದು ಹೇಳುವವರಲ್ಲ. 'ಎದೆ ಭಾರ', 'ಜೀವಕ್ಕೆ ನೆಮ್ಮದಿ ಇಲ್ಲ', 'ಮನಸ್ಸಿಗೆ ಹಚ್ಚಿಕೊಂಡುಬಿಟ್ಟ' ಎನ್ನುತ್ತಾರೆ. ತೆಲುಗಿನಲ್ಲಾದರೆ 'ಮನಸು ಬಾಗಾಲೇದು'. ಸಾಲ ಮಾಡಿ ಬಿತ್ತಿದ ಕಡಲೆಕಾಯಿ ಒಣಗಿದಾಗ ರೈತ ಆಡುವ ಒಂದು ಮಾತಿನ ಹಿಂದೆ ಎಷ್ಟು ಕತ್ತಲೆಯಿದೆ ಎಂಬುದು ಆ ಮಣ್ಣಿನಲ್ಲೇ ಹುಟ್ಟಿ ಬೆಳೆದ ಕಿವಿಗೆ ಬೇಗ ತಿಳಿಯುತ್ತದೆ. ಅನಂತಪುರ ಸೀಮೆಯ ರೈತರ ಆತ್ಮಹತ್ಯೆಯ ಸುದ್ದಿಗಳನ್ನು ನಾವು ವರ್ಷಗಟ್ಟಲೆ ಓದಿದ್ದೇವೆ. ಆ ಸೀಮೆಗೆ ಮಳೆ ಬೇಕು, ಬೆಲೆ ಬೇಕು, ಸಾಲದಿಂದ ಬಿಡುಗಡೆ ಬೇಕು. ಅವುಗಳ ಜೊತೆಗೆ ಅವರದೇ ಮಾತಿನಲ್ಲಿ ಕೇಳಿಸಿಕೊಳ್ಳುವವರೂ ಬೇಕು.

ಕನ್ನಡಕ್ಕೆ ಇದು ಹೊಸತೇನೂ ಅಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಆರಂಭಿಸಿದವರು. ನಿಮ್ಹಾನ್ಸ್‌ನಲ್ಲಿ ದುಡಿದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯದ ಬಗ್ಗೆ ಹತ್ತಾರು ಪುಸ್ತಕಗಳನ್ನು ಕನ್ನಡದಲ್ಲೇ ಬರೆದರು. ಆದ್ದರಿಂದ ಬೆಂಗಳೂರಿಗೆ ಹೋಗುವ ಮಕ್ಕಳಿಗೆ ನಮ್ಮದೊಂದು ಕಿವಿಮಾತು: ಪಾಠ ಇಂಗ್ಲಿಷಿನಲ್ಲಿ ನಡೆಯಲಿ, ಆದರೆ ಕಲಿತದ್ದನ್ನು ರಜೆಗೆ ಬಂದಾಗ ಅಜ್ಜಿಗೆ ಅರ್ಥವಾಗುವಂತೆ ಹೇಳಿ ನೋಡಿ. ಹೇಳಲು ಬಂದರೆ ಮಾತ್ರ ಕಲಿತಂತೆ.

ಧರ್ಮಕೇಂದ್ರದವರಾದ ನಮಗೂ ಒಂದು ಕರ್ತವ್ಯವಿದೆ. ಆತ್ಮಹತ್ಯೆ ಮಾಡಿಕೊಂಡವರ ಮನೆಯವರನ್ನು ದೂರವಿಡುವ ಕಾಲ ಹೋಯಿತು. ತೀವ್ರ ಮನೋವೇದನೆಯಲ್ಲಿದ್ದವರ ಹೊಣೆ ಕಡಿಮೆಯಾಗುತ್ತದೆ, ಅಂಥವರ ನಿತ್ಯಜೀವದ ಬಗ್ಗೆ ನಿರಾಶರಾಗಬಾರದು, ಅವರಿಗಾಗಿ ಪ್ರಾರ್ಥಿಸಬೇಕು ಎಂದು 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. 'ಜನ ಏನಂದಾರು' ಎಂದು ಹೆದರಿ ಯಾರೂ ನೋವನ್ನು ಬಚ್ಚಿಡುವಂತಾಗಬಾರದು. ಈಗಲೇ ಸಹಾಯ ಬೇಕಾದವರು ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಈ ಸೇವೆ ಉಚಿತ. ಹಗಲೂ ರಾತ್ರಿಯೂ ಸಿಗುತ್ತದೆ. ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು.

ಮಗಳು ಮನಃಶಾಸ್ತ್ರ ಓದುತ್ತೇನೆಂದರೆ ಬೆಚ್ಚಬೇಡಿ. 'ಯಾಕೆ ಕಂದಾ?' ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೂ ಕೇಳಿಸಿಕೊಳ್ಳಿ. ಅವಳು ಕಲಿಯಹೊರಟ ವಿದ್ಯೆಯ ಮೊದಲ ಪಾಠವೂ ಅದೇ. ಭಾರ ಹೊತ್ತು ಬಳಲಿದವರನ್ನೆಲ್ಲ ತನ್ನ ಬಳಿಗೆ ಕರೆದ ಪ್ರಭು ನಮ್ಮ ಮಕ್ಕಳಿಗೆ ಕೇಳುವ ಕಿವಿಯನ್ನೂ ಕರಗುವ ಹೃದಯವನ್ನೂ ದಯಪಾಲಿಸಲಿ.