ಹೆಸರುಕಾಳು 40 ನಿಮಿಷದಲ್ಲಿ ಮೊಳೆಯುವುದಿಲ್ಲ
ಪಾಠಯೋಜನೆಯ 40 ನಿಮಿಷದೊಳಗೆ ಬೀಜ ಮೊಳಕೆಯೊಡೆಯದು. ಹಾಗಾಗಿ ನಾವು ಯಾರೋ ತೆಗೆದ ವಿಡಿಯೋ ತೋರಿಸಿ ‘ಐಸಿಟಿ ಬಳಕೆ’ ಎಂದು ಬರೆದುಬಿಡುತ್ತೇವೆ. ಬೀರುವಿನಲ್ಲಿ ಹಳೆಯ ಡಿಜಿಟಲ್ ಕ್ಯಾಮೆರಾ ಇದ್ದರೆ ಅದೇ ಮೇಲು. ಲಿಬ್‌ಜಿಫೋಟೊ2 ಎಂಬ ಮುಕ್ತ ತಂತ್ರಾಂಶ ಲೈಬ್ರರಿ 2,500ಕ್ಕೂ ಹೆಚ್ಚು ಕ್ಯಾಮೆರಾಗಳನ್ನು ಗುರುತಿಸುತ್ತದೆ. ಕಂಪ್ಯೂಟರ್ ಹೇಳಿದಾಗ ಕ್ಲಿಕ್ಕಿಸಲು ಎಲ್ಲವೂ ಒಪ್ಪುವುದಿಲ್ಲ, ಮೊದಲು ಪಟ್ಟಿ ನೋಡಬೇಕು. ಅಂತರ 3600 ಸೆಕೆಂಡು ಕೊಟ್ಟರೆ ಗಂಟೆಗೊಂದು ಚಿತ್ರ (ಕರೆಂಟು ಇದ್ದರೆ!). ಉಬುಂಟುವಿನಲ್ಲಿ ಡೆಸ್ಕ್‌ಟಾಪೇ ಕ್ಯಾಮೆರಾವನ್ನು ಮೊದಲು ಹಿಡಿದುಕೊಳ್ಳುವುದುಂಟು, ಬಿಡಿಸಿಕೊಳ್ಳಬೇಕು.

ಈ ಲೈಬ್ರರಿಯನ್ನು ಮೂಲ ಕೋಡ್‌ನಿಂದ ನಾವು ಒಮ್ಮೆಯಾದರೂ ಕಂಪೈಲ್ ಮಾಡಬೇಕು. ಆಗ ಲಿಬ್‌ಯುಎಸ್‌ಬಿ ಬಿಟ್ಟುಹೋದರೆ ಯುಎಸ್‌ಬಿ ಕ್ಯಾಮೆರಾ ಏಕೆ ಸಿಗದು ಎಂಬುದು ತಿಳಿಯುತ್ತದೆ. ದೋಷಸೂಚನೆ ಓದಲು ಹೆದರುವ ಶಿಕ್ಷಕರೇ ಕಂಪ್ಯೂಟರ್ ಲ್ಯಾಬ್‌ಗೆ ಬೀಗ ಹಾಕುವುದು. ಮಕ್ಕಳು ತಾವೇ ನೆನೆಸಿದ ಕಾಳಿನ ಚಿತ್ರಗಳನ್ನು ಸಾಲಾಗಿಟ್ಟು, ಬೇರು ಮೊದಲೋ ಕಾಂಡ ಮೊದಲೋ ನಮಗೆ ಹೇಳಲಿ.